ದೀಪಸ್ತಂಭದ ಸ್ಟಾಪು

ಮೂವತ್ತು ವರ್ಷ ಬಸ್ಸು ಓಡಿಸಿದ ಕಡಲ ದಾರಿಯಲ್ಲೇ ನಿವೃತ್ತ ಡ್ರೈವರ್ ಈಗ ಹೆಂಡತಿಯೊಂದಿಗೆ ಪ್ರವಾಸ ಹೊರಟಿದ್ದ. ಹಳೇ ವ್ಯಾನಿನೊಳಗೆ ಹಾಸಿಗೆ, ಒಲೆ ಎಲ್ಲ ಇದ್ದವು. ಅವನ ಕಾಲು ಮಾತ್ರ ಅಭ್ಯಾಸಬಲದಿಂದ ಪ್ರತಿ ಬಸ್‌ಸ್ಟಾಪಿನಲ್ಲೂ ಬ್ರೇಕ್ ಒತ್ತುತ್ತಿತ್ತು.

"ಯಾರು ಹತ್ತಬೇಕೂಂತ ನಿಲ್ಲಿಸ್ತೀರಿ? ಹೀಗೆ ಹೋದ್ರೆ ಊರು ಸೇರಿದ ಹಾಗೇ!" ಹೆಂಡತಿ ಸಿಡುಕಿದಳು.

ಬೈಗುಳಕ್ಕೆ ಹೆದರಿ ಅವನು ಮುಂದಿನ ದೀಪಸ್ತಂಭದ ಸ್ಟಾಪನ್ನು ನಿಲ್ಲಿಸದೆ ದಾಟಿಬಿಟ್ಟ. ಹರೆಯದಲ್ಲಿ ಹೊಲಿಗೆ ಕೆಲಸಕ್ಕೆ ಹೋಗಲು ಅವಳು ದಿನಾ ತಡವಾಗಿ ಓಡಿಬಂದು ಅವನ ಬಸ್ಸು ಹತ್ತುತ್ತಿದ್ದುದು ಅಲ್ಲೇ.

"ಇದೊಂದು ಕಡೆ ನಿಲ್ಲಿಸೋಕೆ ಏನಾಗಿತ್ತು ನಿಮಗೆ?"

ಅವನು ವ್ಯಾನನ್ನು ಹಿಂದಕ್ಕೆ ತಂದ. ಅವಳು ಇಳಿದು, ಸ್ಟಾಪಿನ ಕಂಬದ ಪಕ್ಕ ನಿಂತು, ನರೆತ ಕೂದಲು ಸರಿಮಾಡಿಕೊಂಡು ಕೈ ಅಡ್ಡ ಹಿಡಿದಳು.

ಅವನು ಅಂದಿನಂತೆಯೇ ಗದರಿದ: "ಬೇಗ ಹತ್ತಮ್ಮಾ! ನಿನ್ನೊಬ್ಬಳಿಗೋಸ್ಕರ ಬಸ್ಸು ಎಷ್ಟೊತ್ತು ನಿಲ್ಲಬೇಕು?"