ಕೇಳದೆಯೇ ಕೊಟ್ಟ ನೋಟ್‌ಬುಕ್ಕು

ಭಾಗ್ಯ, ನಿನ್ನ ನೋಟ್‌ಬುಕ್ಕನ್ನು ಯಾರೂ ಕದಿಯಲಿಲ್ಲ. ನಾನೇ ಕೊಟ್ಟೆ. ಸ್ಟಾಫ್ ರೂಮಿನ ಬೀರುವಿನಿಂದ ತೆಗೆದು ನಿಮ್ಮೂರಿನ ಯಜಮಾನರ ಕೈಗೆ ಕೊಟ್ಟೆ. ಆರು ವರ್ಷದಿಂದ ಇದನ್ನು ನನ್ನ ಗಂಡನಿಗೂ ಹೇಳಿಲ್ಲ. ಈಗ ಬರೆಯುವಾಗಲೂ ಕಿಟಕಿ ಮುಚ್ಚಿಕೊಂಡಿದ್ದೇನೆ. ಭಾನುವಾರದ ಹಗಲು ಹನ್ನೊಂದು ಗಂಟೆ, ಬೀದಿಯಲ್ಲಿ ಸೊಪ್ಪು ಮಾರುವವಳ ದನಿ ಬಿಟ್ಟರೆ ಬೇರೇನೂ ಇಲ್ಲ — ಆದರೂ.

ಆಗ ನಾನು ಮಳವಳ್ಳಿಯಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ದಿನವೂ ಮದ್ದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ನೀನು ಬಿ.ಎ. ಕೊನೆಯ ವರ್ಷ. ಸರ್ವಾಧಿಕಾರ, ಸೇನಾಡಳಿತ, ಏಕಪಕ್ಷದ ಆಳ್ವಿಕೆ — ಇವು ಹೇಗೆ ನಡೆಯುತ್ತವೆ, ಜನ ಯಾಕೆ ಸಹಿಸುತ್ತಾರೆ ಎಂಬ ಪಾಠ ನಡೆಯುತ್ತಿತ್ತು. ಆ ಪಾಠವನ್ನು ಚೆನ್ನಾಗಿ ಮಾಡುತ್ತೇನೆಂದು ನನಗೆ ಜಂಬವೂ ಇತ್ತು. ಸರ್ವಾಧಿಕಾರಿ ಪ್ರತಿ ಮನೆಯ ಬಾಗಿಲಿಗೂ ಒಬ್ಬ ಪೊಲೀಸನನ್ನು ನಿಲ್ಲಿಸಲಾರ, ಜನರೇ ತಮ್ಮ ಬಾಯಿಗೆ ತಾವೇ ಕಾವಲು ಕೂರುವಂತೆ ಮಾಡುತ್ತಾನೆ ಎಂದೆ. ನೀನು ಹಿಂದಿನ ಬೆಂಚಿನಿಂದ ಎದ್ದು ಕೇಳಿದೆ: "ಮೇಡಂ, ಅದು ದೇಶಕ್ಕೇ ಆಗ್ಬೇಕಾ? ಒಂದು ಊರಿಗೆ ಆಗಲ್ವಾ?"

ತರಗತಿಯಲ್ಲಿ ನಗು ಎದ್ದಿತು. ನಾನು ನಗಲಿಲ್ಲ. ಆಗುತ್ತದೆ, ನೋಡಿ ಬರೆದುಕೊಂಡು ಬಾ ಎಂದೆ. ನಿನ್ನನ್ನು ಆ ಹಾದಿಗೆ ಹಚ್ಚಿದವಳೂ ನಾನೇ.

ನೀನು ಮೂರು ತಿಂಗಳು ಬರೆದೆ. ಕುಲದ ಯಜಮಾನರು ಅರಳಿಕಟ್ಟೆಯ ಮೇಲೆ ಕೂತು ತೀರ್ಪು ಕೊಡುವುದು, ಒಪ್ಪದ ಮನೆಯನ್ನು ಹೊರಗಿಡುವುದು, ಹೊರಗಿಟ್ಟವರೊಡನೆ ಮಾತಾಡಿದವರನ್ನೂ ಹೊರಗಿಡುವುದು. ಯಾರೂ ಯಾರನ್ನೂ ಹೊಡೆಯುವುದಿಲ್ಲ ಎಂದು ಬರೆದಿದ್ದೆ. ಹೊಡೆಯುವ ಅಗತ್ಯವೇ ಬೀಳುವುದಿಲ್ಲ, ಎಂದು. ಓದುತ್ತಾ ಆ ಸಾಲಿನ ಕೆಳಗೆ ನಾನು ಗೆರೆ ಎಳೆದೆ. ಇದನ್ನೆಲ್ಲ ನಿನಗೆ ಹೇಳಿದ ನಾಲ್ಕು ಹೆಂಗಸರ ಹೆಸರನ್ನು, ನಿನ್ನ ನೆನಪಿಗೆಂದು, ನೀನು ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದೆ. ಮೊದಲ ಹೆಸರು ನಿನ್ನ ಚಿಕ್ಕವ್ವ ಸಿದ್ದಮ್ಮನದು. ಹೆಸರು ಬರೆಯಬಾರದು ಎಂದು ನಾನು ಮೊದಲೇ ಹೇಳಿಕೊಡಬೇಕಿತ್ತು. ಕಂಡ ಮೇಲಾದರೂ ಅಳಿಸಬೇಕಿತ್ತು. ನಾಳೆ ಅಳಿಸೋಣ ಅಂದುಕೊಂಡು ಬೀರುವಿನಲ್ಲಿಟ್ಟೆ.

ಮಾರನೆಯ ದಿನ ಅವರು ಬಂದರು. ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದೆ. ತಾನು ನಿಮ್ಮೂರಿನ ಯಜಮಾನ ಎಂದು ಹೇಳಿಕೊಂಡು ಎದುರು ಕೂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುದನಿ, ವಯಸ್ಸಾದವರು. ಹುಡುಗರು ಹೇಗೆ ಓದುತ್ತಾರೆ ಎಂದು ವಿಚಾರಿಸಿದರು. ಆಮೇಲೆ, "ನಮ್ಮೂರ ಉಡ್ಗಿ ಏನೋ ಬರೀತಾವ್ಳಂತೆ. ಬರೀಲಿ ಬುಡಿ, ಓದೋ ಮಗ" ಅಂದರು.

ನಾನು ಹೂಂ ಅಂದೆ.

"ನೀವು ದಿನಾ ಬರದು ಮದ್ದೂರಿನ ಒಂಬತ್ತು ಗಂಟೆ ಬಸ್ಸಲ್ಲೇ ಅಲ್ವಾ ಮೇಡಮ್ಮೋರೆ? ಮಗೀನ ಇಸ್ಕೂಲತ್ರ ಬುಟ್ಟು ಬತ್ತೀರಿ. ಪಾಪ, ಕಷ್ಟ."

ಅಷ್ಟೇ. ಇನ್ನೇನೂ ಹೇಳಲಿಲ್ಲ. ನನ್ನ ಮಗಳಿಗೆ ಆಗ ಆರು ವರ್ಷ. ಅವಳ ಶಾಲೆ ಇವರಿಗೆ ಹೇಗೆ ಗೊತ್ತು — ಬಸ್ಸಿನಲ್ಲಿ ಯಾರು ನೋಡಿದರು — ಹಿಂದಿನ ಸೀಟಿನವನಾ, ಕಂಡಕ್ಟರಾ... ಅವರು "ಬತ್ತೀನಿ" ಎಂದು ಎದ್ದೂ ಆಗಿತ್ತು. ಬಾಗಿಲ ಹತ್ತಿರ ಹೋಗಿಯೂ ಆಗಿತ್ತು. ನಾನು ಸುಮ್ಮನಿದ್ದಿದ್ದರೆ ಹೊರಟೇ ಹೋಗುತ್ತಿದ್ದರು, ಭಾಗ್ಯ. ಅವರು ನೋಟ್‌ಬುಕ್ಕನ್ನು ಕೇಳಿರಲಿಲ್ಲ. ಅಂಥದ್ದೊಂದು ನನ್ನ ಹತ್ತಿರ ಇದೆಯೆಂಬುದೂ ಅವರಿಗೆ ಗೊತ್ತಿತ್ತೋ ಇಲ್ಲವೋ.

"ನಿಲ್ಲಿ" ಎಂದು ನಾನೇ ಕರೆದೆ. ಬೀಗ ತೆಗೆದು ಕೊಟ್ಟೆ.

ಅವರು ನಿಂತಲ್ಲೇ ಪುಟ ತಿರುವಿದರು. ಅಂಚಿನ ಹತ್ತಿರ ಬೆರಳು ನಿಂತಿತು. ಮತ್ತೊಂದು ಪುಟ, ಮತ್ತೆ ನಿಂತಿತು. ನಾಲ್ಕು ಸಲ. ನಾನು ಎಣಿಸಿದೆ. "ಒಳ್ಳೇ ಅಕ್ಷರ" ಎಂದು ನೋಟ್‌ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಹೋದರು.

ಸೋಮವಾರ ನೀನು ಬಂದು ಕೇಳಿದಾಗ ಇನ್ನೊಂದು ತಪ್ಪು ಮಾಡಿದೆ, ಮೊದಲನೆಯದಕ್ಕಿಂತ ಕೆಟ್ಟದ್ದು. "ಯಾರೋ ತೆಗೆದಿದ್ದಾರೆ ಭಾಗ್ಯ. ನೀನು ಯಾರಿಗಾದರೂ ತೋರಿಸಿದ್ದೆಯಾ?" ಅಂದೆ. ಯಾರಿಗೆ ತೋರಿಸಿದ್ದೆ ಎಂದು ನೀನು ನೆನೆಸಿಕೊಳ್ಳುತ್ತಾ ನಿಂತಿದ್ದೆ. ನಾನು ನೋಡುತ್ತಾ ಕೂತಿದ್ದೆ.

ಆಮೇಲಿನದು ನಿನಗೇ ಹೆಚ್ಚು ಗೊತ್ತು. ಮೂವರು ಹೆಂಗಸರು ಕಟ್ಟೆಯ ಮುಂದೆ ಅಡ್ಡಬಿದ್ದು ತಪ್ಪಾಯಿತು ಎಂದರು. ಸಿದ್ದಮ್ಮ ಹೋಗಲಿಲ್ಲ. ಗಿರಣಿಯಲ್ಲಿ ಅವರ ರಾಗಿ ಬೀಸುವುದನ್ನು ನಿಲ್ಲಿಸಿದರು. ನಾಟಿಗೆ ಆಳು ಬರಲಿಲ್ಲ. ಅವರ ಮಾವ ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಡುವವರಿಲ್ಲದೆ, ಗಂಡ ಹೆಂಡತಿ ಇಬ್ಬರೇ ಟ್ರ್ಯಾಕ್ಟರಿಗೆ ಹಾಕಿಕೊಂಡು ಹೋದರು. ಆ ದಿನ ಸಿದ್ದಮ್ಮ ನಿನ್ನನ್ನು ಮನೆಯೊಳಗೆ ಬಿಡಲಿಲ್ಲ. "ನೀನೇ ತಾನೆ ನಮ್ಮೆಸ್ರು ಏಳಿದ್ದು" ಅಂದರಂತೆ. ಕಾಲೇಜಿನ ಕಾರಿಡಾರಿನಲ್ಲಿ ನೀನು ಇದನ್ನೆಲ್ಲ ನನಗೆ ಹೇಳಿ, "ನಾನು ಏಳಿಲ್ಲ ಮೇಡಂ" ಎಂದು ಅತ್ತೆ. ನಾನು ಬಾಯಿ ತೆರೆದೆ. ಆದರೆ — ನಿನಗೆ ನೀರು ಕುಡಿ ಎಂದೆ. ನೀನು ಪರೀಕ್ಷೆಗೆ ಬರಲಿಲ್ಲ.

ಮಗಳಿಗಾಗಿ ಮಾಡಿದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅವರು ಅವಳ ಬಗ್ಗೆ ಒಂದು ಕೆಟ್ಟ ಮಾತೂ ಆಡಿರಲಿಲ್ಲ. ಅದು ಬೆದರಿಕೆಯೋ, ಬರೀ ಲೋಕಾಭಿರಾಮವೋ — ಇವತ್ತಿಗೂ ತಿಳಿದಿಲ್ಲ. ಪ್ರತಿ ವರ್ಷ ಅದೇ ಪಾಠ ಮಾಡುತ್ತೇನೆ. ಜನ ಯಾಕೆ ಸಹಿಸುತ್ತಾರೆ ಎಂಬಲ್ಲಿಗೆ ಬಂದಾಗ ಹುಡುಗರ ಕಡೆ ನೋಡದೆ, ಪುಸ್ತಕ ನೋಡಿಕೊಂಡು ಓದಿಬಿಡುತ್ತೇನೆ.

ಹೋದ ತಿಂಗಳು ಮೌಲ್ಯಮಾಪನಕ್ಕೆ ಮಂಡ್ಯಕ್ಕೆ ಹೋಗಿದ್ದೆ. ಊಟ ಒಂದು ಹಾಸ್ಟೆಲಿನಲ್ಲಿ. ಅನ್ನ ಬಡಿಸುತ್ತಿದ್ದ ಹೆಂಗಸನ್ನು ಸುಮ್ಮನೆ ಯಾವೂರು ಎಂದು ಕೇಳಿದೆ. ನಿಮ್ಮೂರಿನ ಹೆಸರು ಹೇಳಿದರು. ಅಡುಗೆಮನೆಯಿಂದ ಯಾರೋ "ಸಿದ್ದಮ್ಮ" ಎಂದು ಕೂಗಿದರು. ಅವತ್ತು ಹೇಳಲಾಗಲಿಲ್ಲ. ಮೂರನೆಯ ದಿನ, ಪಾತ್ರೆ ತೊಳೆಯುವ ಕಡೆ ಕರೆದು ಎಲ್ಲ ಹೇಳಿದೆ.

ಅವರು ಬಯ್ಯಲಿಲ್ಲ. ಕೈಯಲ್ಲಿದ್ದ ಸೌಟನ್ನು ತೊಳೆದು ಬದಿಗಿಟ್ಟರು. "ಆರು ವರ್ಸ ಆ ಮಗೀನ ಮೊಕ ನೋಡ್ನಿಲ್ಲ ನಾನು" ಅಂದರು. ನಾನು ಕೈ ಮುಗಿದೆ. "ನಂಗ್ಯಾಕೆ ಕೈ ಮುಗೀತೀರಿ. ಮೊದ್ಲು ಅವ್ಳಿಗೆ ಏಳಿ. ಆಮ್ಯಾಕೆ ಕಾಗ್ದದ ಮೇಲೆ ಬರ್ದು ರುಜು ಆಕಿ. ನಮ್ಮನ್ನ ಒರಗಿಟ್ಟಿದ್ಕೆ ತಾಲ್ಲೂಕ್ ಕಚೇರೀಲಿ ನಾನು ಅರ್ಜಿ ಕೊಡ್ತೀನಿ. ನೀವೂ ಬರ್ಬೇಕು."

ಈ ಕಾಗದ ಇವತ್ತೇ ನಿನಗೆ ಮುಟ್ಟುವಂತೆ ಕಳಿಸುತ್ತೇನೆ. ಸಿದ್ದಮ್ಮ ಕೇಳಿದ ಹೇಳಿಕೆಯನ್ನೂ ಬರೆದಿದ್ದೇನೆ. ಎರಡು ಪುಟ, ನನ್ನ ಹೆಸರು, ವಿಳಾಸ, ಕೆಳಗೆ ರುಜು. ಆ ಬಿಳಿ ಅಂಗಿಯವರು ಈಗಲೂ ನಿಮ್ಮೂರಿನ ಯಜಮಾನರೇ. ನನ್ನ ಮಗಳಿಗೆ ಹನ್ನೆರಡು, ಶಾಲೆಗೆ ಒಬ್ಬಳೇ ಸೈಕಲ್ಲಿನಲ್ಲಿ ಹೋಗುತ್ತಾಳೆ. ಹೊರಗೆ ಬೈಕು ನಿಂತ ಸದ್ದಾದರೆ ಎದ್ದು ಹೋಗಿ ಯಾರೆಂದು ನೋಡುತ್ತೇನೆ. ಧೈರ್ಯ ಬಂದ ಮೇಲೆ ಮಾಡೋಣ ಎಂದು ಕಾದರೆ ಅದು ಬರುವುದಿಲ್ಲ ಎಂದು ಗೊತ್ತಾಗಿದೆ. ನಿನ್ನಲ್ಲಿ ಕ್ಷಮೆ ಕೇಳುವುದಿಲ್ಲ, ಭಾಗ್ಯ. ಅದನ್ನು ಕೇಳುವ ಹಕ್ಕು ನನಗಿಲ್ಲ.

ನಾಳೆ ಹತ್ತೂವರೆಗೆ ಮಳವಳ್ಳಿಯ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಸಿದ್ದಮ್ಮ ಕಾಯುತ್ತಿರುತ್ತಾರೆ. ನಾನು ಒಂಬತ್ತು ಗಂಟೆಯ ಬಸ್ಸಿಗೆ ಹೋಗುತ್ತೇನೆ.