ಕಾಕತಾಳೀಯ ಮತ್ತು ನಮ್ಮತ್ತೆಯ ಬೆಂಕಿಪೊಟ್ಟಣ

ಜುಲೈ ಮುಗಿಯುತ್ತಾ ಬಂದರೆ ಗಾವಡಗೆರೆ ಕಡೆ ಊರಿಗೆ ಊರೇ ಜೇನು ಕಾಯಿಸಿದಂತೆ ಘಮಗುಟ್ಟುತ್ತದೆ. ಹೊಗೆಸೊಪ್ಪು ಹದವಾಗುವ ವಾಸನೆ ಅದು. ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ತೂಗುಹಾಕಿ, ಬಿಸಿ ಪೈಪುಗಳ ಮೇಲೆ ಒಣಗಿಸುವ ಎತ್ತರದ ಮನೆಗೆ ನಾವು ಬ್ಯಾರನ್ ಅನ್ನುತ್ತೇವೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಾಗ ಅದರ ಬೆಚ್ಚನೆಯ ಗೋಡೆಗೆ ಬೆನ್ನು ಕೊಟ್ಟು ಕೂತರೆ ಎಚ್ಚರವೋ ಕನಸೋ ತಿಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಬ್ಯಾರನ್‌ಗೆ ವರ್ಷದ ಮೊದಲ ಬೆಂಕಿಯನ್ನು ಹಿರಿಯ ಹೆಂಗಸೇ ಹಚ್ಚಬೇಕು. ಒಲೆಬಾಯಿಗೆ ಅರಿಶಿನ ಕುಂಕುಮ ಇಟ್ಟು, ಕರ್ಪೂರ ಬೆಳಗಿ, ಅಪ್ಪನ ಅಕ್ಕ, ಅಂದರೆ ನಮ್ಮತ್ತೆ ಹಚ್ಚುತ್ತಿದ್ದರು. ಒಂದು ವರ್ಷ ಅವರು ಹಚ್ಚಿದ ಮಾರನೆಯ ದಿನವೇ ಎಲೆಯೊಂದು ಜಾರಿ ಪೈಪಿನ ಮೇಲೆ ಬಿದ್ದು ಇಡೀ ಬ್ಯಾರನ್ ಬೂದಿಯಾಯಿತು. ಅತ್ತೆಯನ್ನು ಯಾರೂ ಒಂದು ಮಾತೂ ಅನ್ನಲಿಲ್ಲ. ಮುಂದಿನ ವರ್ಷ ಬೆಂಕಿಪೊಟ್ಟಣ ಅಮ್ಮನ ಕೈಗೆ ಹೋಯಿತು, ಅಷ್ಟೇ. ಆ ಹೊತ್ತಿಗೆ ಅತ್ತೆ ಹಿತ್ತಲಿಗೆ ಹೋಗಿ, ಬೆನ್ನು ತಿರುಗಿಸಿ ಸೊಪ್ಪು ಕಟ್ಟುತ್ತಾ ಕೂರತೊಡಗಿದರು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಹೋದ ವರ್ಷ ತಡೆಯಲಾಗಲಿಲ್ಲ. ಪದಗಳ ಅರ್ಥ ಬಿಡಿಸುವುದೆಂದರೆ ನನಗೆ ಮೊದಲೇ ಹಬ್ಬ. ಎಲ್ಲರನ್ನೂ ಕೂರಿಸಿಕೊಂಡು ಕಾಕತಾಳೀಯ ಎಂಬ ಪದದ ಹುಟ್ಟು ಹೇಳಿದೆ. ಕಾಕ ಎಂದರೆ ಕಾಗೆ, ತಾಳ ಎಂದರೆ ತಾಳೆಮರ. ಕಾಗೆ ಬಂದು ಕೂತಿತು, ಅದೇ ಗಳಿಗೆಗೆ ಹಣ್ಣು ಬಿತ್ತು. ಎರಡೂ ಒಟ್ಟಿಗೆ ಆದವೇ ಹೊರತು ಒಂದರಿಂದ ಇನ್ನೊಂದು ಆಗಲಿಲ್ಲ. "ಅತ್ತೆ ಹಚ್ಚಿದ್ದಕ್ಕೂ ಬ್ಯಾರನ್ ಉರಿದಿದ್ದಕ್ಕೂ ಇರೋ ನಂಟು ಅಷ್ಟೇ," ಎಂದೆ.

ಅಪ್ಪ ಮಳೆ ನೋಡುತ್ತಾ ಕೂತರು. ಅತ್ತೆ ಮಾತ್ರ ಕೇಳಿದರು: "ಅಲ್ಲ ಕಣವ್ವ, ಆಮ್ಯಾಕೆ ಆ ಕಾಗೇನ ಯಾರಾದ್ರೂ ಮತ್ತೆ ಮರಕ್ಕೆ ಕರುದ್ರಾ?"

ಅಮ್ಮ ಎದ್ದು ಹೋಗಿ, ಬೆಂಕಿಪೊಟ್ಟಣ ತಂದು ಅತ್ತೆಯ ಮಡಿಲಿಗೆ ಹಾಕಿದರು. "ಇನ್ನೇನ್ ಕುಂತಿದ್ದೀರಿ ಅತ್ಗೆಮ್ಮ, ಏಳಿ."

ಆ ಸಲ ಸೊಪ್ಪು ಬಂಗಾರದ ಬಣ್ಣಕ್ಕೆ ತಿರುಗಿತು. ಈ ವರ್ಷ ಪಕ್ಕದ ಮನೆಯಾಕೆ ಅತ್ತೆಯ ಹತ್ತಿರ ಬಂದು, "ನಿಮ್ ಕೈಗುಣ ದೊಡ್ದು ಕಣವ್ವ, ನಮ್ ಬ್ಯಾರನ್‌ಗೂ ನೀವೇ ಬೆಂಕಿ ಇಕ್ಕಿ" ಎಂದರು. ಬಣ್ಣಕ್ಕೂ ಅತ್ತೆಯ ಕೈಗೂ ನಂಟಿಲ್ಲವೆಂದು ನನಗೂ ಗೊತ್ತು, ಅತ್ತೆಗೂ ಗೊತ್ತು. ಆದರೂ ಅವರು ಒಳ್ಳೆಯ ಸೀರೆ ಉಟ್ಟು ಹೊರಟರು. ಹೊಸ್ತಿಲಲ್ಲಿ ನಿಂತು, ಇವಳೆಲ್ಲಿ ಬಾಯಿ ತೆರೆಯುತ್ತಾಳೋ ಎಂಬ ಅಳುಕಿನಿಂದ ನನ್ನ ಮುಖ ನೋಡಿದರು.

ನಾನು ಛತ್ರಿ ಬಿಡಿಸಿ ಕೈಗೆ ಕೊಟ್ಟೆ.