ದುಂಡಗೆ ನಿಂತವರಲ್ಲಿ ಮುಂದೆ ಯಾರು

ಮೇಸ್ತ್ರಿಯ ಬಲಗೈ ನಡುಬೆರಳಿನ ಗೆಣ್ಣು ನೆಲ್ಲಿಕಾಯಿಯಷ್ಟು ಊದಿಕೊಂಡಿತ್ತು. ಟೈಲ್ಸ್ ಕೂರಿಸಿದ ಮೇಲೆ ಆ ಗೆಣ್ಣಿನಿಂದಲೇ ಒಂದೊಂದನ್ನೂ ತಟ್ಟಿ, ಅಡಿಯಲ್ಲಿ ಪೊಳ್ಳು ಉಳಿದಿದೆಯೇ ಎಂದು ಕಿವಿಗೊಡುತ್ತಿದ್ದರು. ಎಡಗೈಯೂ ಇರಬಹುದು. ಬಲಗೈ ಎಂದೇ ಇಟ್ಟುಕೊಳ್ಳೋಣ.

ಗಲ್ಫಿನಲ್ಲಿ, ಅಲ್ ಬರ್ಷಾದ ಕಟ್ಟಡದ ಸೈಟಿನಲ್ಲಿ ನಾನು ಸ್ಟೋರ್ ಕೀಪರ್. ಅವರು ಉಳ್ಳಾಲದ ಕಡೆಯ ಬ್ಯಾರಿ. ಕೆಲಸದವರೊಡನೆ ಹಿಂದಿ, ನನ್ನೊಡನೆ ಕನ್ನಡ. ಚಹಾದ ಹೊತ್ತಿಗೆ ಅವರ ಮುತ್ತಜ್ಜನ ತಂದೆಯ ಕಥೆ ತಪ್ಪದೆ ಬರುತ್ತಿತ್ತು. ಬ್ರಿಟಿಷರ ಕಾಲದ ಮಂಗಳೂರು, ನದಿ ದಡದ ಹಂಚಿನ ಕಾರ್ಖಾನೆ. ಗಂಜಿಯ ಬಿಡುವು ಕಡಿಮೆ ಮಾಡಿದ್ದಕ್ಕೆ ಮಣ್ಣು ತುಳಿಯುವವರೆಲ್ಲ ಕೆಲಸ ನಿಲ್ಲಿಸಿ ದುಂಡಗೆ ಕೂತರಂತೆ.

"ಆಗ ಯೂನಿಯನ್ ಗೀನಿಯನ್ ಎಂತದ್ದೂ ಇಲ್ಲ ಮಾರಾಯ್ರೆ. ದೊರೆ ಬಂದು, ಮುಂದೆ ಇರುವವ ಯಾರು ಅಂತ ಕೇಳಿದ. ದುಂಡಗೆ ಕೂತ್ರೆ ಮುಂದೆ ಎಲ್ಲಿಂದ ಬರುದು? ಯಾರನ್ನಂತ ತೆಗೆಯುದು?"

ಒಮ್ಮೆ ಹೇಳುವಾಗ ಬಿಡುವು ವಾಪಸು ಸಿಕ್ಕಿರುತ್ತಿತ್ತು. ಇನ್ನೊಮ್ಮೆ ಎಲ್ಲರನ್ನೂ ಓಡಿಸಿರುತ್ತಿದ್ದರು. ಯಾವುದು ನಿಜ ಎಂದರೆ, "ನಾನು ನೋಡ್ಲಿಕ್ಕೆ ಹೋಗಿದ್ದೆನಾ?" ಎಂದು ನಗುತ್ತಿದ್ದರು.

ಆ ಬೇಸಿಗೆಯಲ್ಲಿ ನಮ್ಮ ಬಸ್ಸಿನ ಎ.ಸಿ. ಕೆಟ್ಟು ವಾರಗಳಾಗಿದ್ದವು. ಒಬ್ಬ ಹೆಲ್ಪರ್ ಸೀಟಿನಲ್ಲೇ ಪ್ರಜ್ಞೆ ತಪ್ಪಿದ. ಮರುದಿನ ಕೆಲಸ ಮುಗಿದಾಗ ಯಾರೂ ಬಸ್ಸು ಹತ್ತಲಿಲ್ಲ. ಅದರ ಸುತ್ತ ನಿಂತೆವು. ಯಾರು ಹೇಳಿದ್ದೆಂದು ನೆನಪಿಲ್ಲ, ಹೇಳಿದವರು ಇದ್ದರೋ ಇಲ್ಲವೋ. ಇಲ್ಲಿ ಹಾಗೆ ನಿಂತರೆ ವೀಸಾ ಖಲಾಸ್, ಊರಿಗೆ ಟಿಕೆಟ್. ಅದು ಎಲ್ಲರಿಗೂ ಗೊತ್ತಿತ್ತು.

ಮ್ಯಾನೇಜರ್ ಕಾರಿನಿಂದ ಇಳಿದ. "ಲೀಡರ್ ಕೌನ್?"

ಅವನ ಬೆರಳು ಬಾಗಿಲ ಬಳಿಯಿದ್ದ ಎತ್ತರದ ಪೇಂಟರ್ ಕಡೆ ತಿರುಗಿತು. ಆಗ ಮೇಸ್ತ್ರಿಯ ದನಿ ಕೇಳಿಸಿತು: "ಗೋಲ್ ಮೇ ಆಗೇ ಕೌನ್, ಸಾಬ್?"

ದೊರೆಗೆ ಹೇಳಬೇಕಿದ್ದ ಅದೇ ಮಾತು, ಹಿಂದಿಯಲ್ಲಿ. ಎಲ್ಲರೂ ನಕ್ಕರು. ಬೆರಳು ಪೇಂಟರನನ್ನು ಬಿಟ್ಟು ಮೇಸ್ತ್ರಿಯ ಮೇಲೆ ಬಂದು ನಿಂತಿತು.

ಬಸ್ಸಿನ ಎ.ಸಿ. ಸರಿಯಾಯಿತು. ಮೇಸ್ತ್ರಿಯ ವೀಸಾ ನವೀಕರಣವಾಗಲಿಲ್ಲ. ಪೇಂಟರನನ್ನು ಉಳಿಸಲು ಬಾಯಿಬಿಟ್ಟರೋ, ಅಷ್ಟು ವರ್ಷ ಕಾದಿಟ್ಟ ಮಾತು ತಡೆಯಲಾಗದೆ ಹೊರಬಿತ್ತೋ? ಅವರು ಊರಿಗೆ ಹೊರಡುವ ದಿನ ಕೇಳಿಯೇಬಿಟ್ಟೆ.

"ಬಸ್ಸು ಈಗ ತಣ್ಣಗೆ ಉಂಟಲ್ಲ? ಯಲ್ಲಾ, ಹತ್ತಿ," ಎಂದು ಅರಬರ ಹಾಗೆ ಅವಸರ ಮಾಡಿದರು.

ಕೆಲವು ವರ್ಷಗಳ ನಂತರ, ಅವರು ಊರಲ್ಲಿ ತೀರಿಕೊಂಡರೆಂದು ಪೇಂಟರ್ ಫೋನ್ ಮಾಡಿ ಹೇಳಿದ. ನಾನೀಗ ಅಬುಧಾಬಿಯ ಖಾಲಿದಿಯಾದಲ್ಲಿದ್ದೇನೆ. ಆ ಸಂಜೆಯನ್ನು ನೆನೆದಾಗೆಲ್ಲ ಬಸ್ಸು ಕಾಣುತ್ತದೆ, ಸುತ್ತ ನಿಂತವರು ಕಾಣುತ್ತಾರೆ, ಮೇಸ್ತ್ರಿ ಮಾತ್ರ ಒಂದು ಹೆಜ್ಜೆ ಮುಂದಿರುತ್ತಾರೆ. ಅವರು ಮುಂದೆ ಬಂದಿರಲಿಲ್ಲ. ನನ್ನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಂತೆ ನಿಂತಿದ್ದರು. ಅವರನ್ನು ಆ ಸುತ್ತಿನಿಂದ ಹೊರಗೆ ಎಳೆದದ್ದು ಆವತ್ತು ಮ್ಯಾನೇಜರನ ಬೆರಳು. ಇವತ್ತು, ಇದನ್ನು ಬರೆಯುತ್ತಿರುವ ನನ್ನದು.